ಟೀನೇಜ್ ಮಕ್ಕಳ ಜೊತೆ ಕ್ರೂಸ್ ಹೋಗೋರಿಗೆ: ಲೈನ್ (ಕ್ರೂಸ್ ಕಂಪನಿ) ಆರಿಸೋ ಸಮಗ್ರ ಮಾರ್ಗದರ್ಶಿ

"ಕ್ರೂಸ್ ಹೋಗ್ಬೇಕು ಅಂತಿದೀವಿ, ಯಾವ್ದು ಒಳ್ಳೇದು ಹೇಳಿ" ಅಂತ ಕೇಳೋರು ಈಗ ನಮ್ಮ ಕಡೆ ಜಾಸ್ತಿ ಆಗಿದಾರೆ. ಹೋಗಿ ಬಂದ್ಮೇಲೆ ಬೇಜಾರು ಹೇಳ್ಕೊಳ್ಳೋರೂ ಅಷ್ಟೇ ಜನ ಇದಾರೆ, ಮತ್ತೆ ಅವರ ಕಥೆ ಹೆಚ್ಚುಕಮ್ಮಿ ಒಂದೇ ಥರ ಇರತ್ತೆ. ಅಪ್ಪ ಅಮ್ಮಂಗೆ ಖುಷಿ, ಎಂಟು ವರ್ಷದ ಚಿಕ್ಕವನು ನೀರಿಂದ ಮೇಲೆ ಬರ್ಲೇ ಇಲ್ಲ, ಆದ್ರೆ ಹದಿನೈದು ವರ್ಷದ ಮಗಳು ಮಾತ್ರ ನಾಲ್ಕು ದಿನ ಕ್ಯಾಬಿನ್‌ನಲ್ಲಿ ಹೊದ್ಕೊಂಡು ಮಲಗಿದ್ಲು, ಕೇಳಿದ್ರೆ "ಇಲ್ಲಿ ನಂಗೇನೂ ಇಲ್ಲ" ಅಂದ್ಲು. ಲಕ್ಷಗಟ್ಟಲೆ ಸುರಿದು ಇದನ್ನ ಕೇಳೋಕೆ ಯಾರಿಗೆ ಇಷ್ಟ ಹೇಳಿ.

ತಪ್ಪು ಮಗಳದ್ದಲ್ಲ, ಹಡಗಿಂದೂ ಅಲ್ಲ. ನಾವು ನೋಡೋ ಕ್ರಮ ಉಲ್ಟಾ ಇದೆ. ಮೊದಲು ರೇಟು, ಆಮೇಲೆ ಡೇಟು, ಆಮೇಲೆ ಸ್ವಿಮ್ಮಿಂಗ್ ಪೂಲ್ ಫೋಟೋ, ಮಕ್ಕಳ ವಯಸ್ಸು ನೆನಪಾಗೋದು ಕೊನೇಗೆ ಫಾರ್ಮ್ ತುಂಬೋವಾಗ. ಟೀನೇಜ್ ಮಕ್ಕಳಿದ್ರೆ ವಯಸ್ಸಿಂದ ಶುರು ಮಾಡ್ಬೇಕು, ರೇಟಿಗೆ ಆಮೇಲೆ ಬರ್ಬೇಕು. ಕೆಳಗಿನ ಹಂತಗಳನ್ನ ದಯವಿಟ್ಟು ಇದೇ ಆರ್ಡರ್‌ನಲ್ಲಿ ಮಾಡಿ, ಮಧ್ಯದಲ್ಲಿ ಹಾರಿದ್ರೆ ಮತ್ತೆ ಅಲ್ಲಿಗೇ ವಾಪಸ್ ಬರ್ಬೇಕಾಗತ್ತೆ.

ಶುರು ಮಾಡೋ ಮುಂಚೆ ಕೈಯಲ್ಲಿ ಏನಿರ್ಬೇಕು

ಎಲ್ಲರ ಪಾಸ್‌ಪೋರ್ಟ್ ತೆಗೆದಿಡಿ, ಎಕ್ಸ್‌ಪೈರಿ ಡೇಟ್ ನೋಡಿ, ವಾಪಸ್ ಬರೋ ದಿನದಿಂದ ಇನ್ನೂ ಆರು ತಿಂಗಳಾದ್ರೂ ಇರ್ಬೇಕು. ಮಕ್ಕಳ ಪಾಸ್‌ಪೋರ್ಟ್ ಸಾಮಾನ್ಯವಾಗಿ ಐದೇ ವರ್ಷಕ್ಕೆ ಮುಗಿಯತ್ತೆ, ಇಲ್ಲೇ ಸುಮಾರು ಜನ ಎಡವೋದು. ಆಮೇಲೆ ಸ್ಕೂಲ್ ಕ್ಯಾಲೆಂಡರ್, ಎತ್ತರ ಅಳೆಯೋ ಟೇಪು, ಒಂದು ಎಕ್ಸೆಲ್ ಶೀಟ್ ಅಥವಾ ನೋಟ್‌ಬುಕ್ಕು, ಫಾರೆಕ್ಸ್ ಚಾರ್ಜ್ ಕಮ್ಮಿ ಇರೋ ಒಂದು ಕಾರ್ಡು. ಟೇಪು ಯಾಕೆ ಅಂತ ಹಂತ 4ರಲ್ಲಿ ಗೊತ್ತಾಗತ್ತೆ.

ಹಂತ 1: ಹಡಗು ಹತ್ತೋ ದಿನ ಮಕ್ಕಳಿಗೆ ಎಷ್ಟು ವಯಸ್ಸು, ಬರ್ಕೊಳ್ಳಿ

ಇವತ್ತಿನ ವಯಸ್ಸಲ್ಲ, ಹತ್ತೋ ದಿನದ ವಯಸ್ಸು. ಹೆಚ್ಚಿನ ಲೈನ್‌ಗಳು ಅದನ್ನೇ ಲೆಕ್ಕಕ್ಕೆ ತಗೊಳ್ತಾರೆ, ಮತ್ತೆ ಟೀನ್ ಕ್ಲಬ್ಬಿನ, ಅಂದ್ರೆ ಹಡಗಲ್ಲಿ ಟೀನೇಜ್ ಮಕ್ಕಳಿಗೇ ಇರೋ ಜಾಗದ, ವಯಸ್ಸಿನ ಗೆರೆ ಒಂದೊಂದು ಲೈನ್‌ನಲ್ಲಿ ಒಂದೊಂದು ಕಡೆ ಎಳೆದಿರ್ತಾರೆ. ರಾಯಲ್ ಕೆರಿಬಿಯನ್‌ನಲ್ಲಿ ಟೀನ್ಸ್ ಅಂದ್ರೆ 12ರಿಂದ 17. ಕಾರ್ನಿವಲ್‌ನಲ್ಲಿ ಎರಡು ಗುಂಪು, 12ರಿಂದ 14ಕ್ಕೆ ಸರ್ಕಲ್ ಸಿ, 15ರಿಂದ 17ಕ್ಕೆ ಕ್ಲಬ್ ಓ2. ಎಂಎಸ್‌ಸಿಯಲ್ಲೂ ಹಾಗೇ 12ರಿಂದ 14, 15ರಿಂದ 17. ನಾರ್ವೇಜಿಯನ್‌ನಲ್ಲಿ ಎಂಟೂರಾಜ್ ಅನ್ನೋ ಕ್ಲಬ್ಬು 13ಕ್ಕೆ ಶುರು, ಪ್ರಿನ್ಸೆಸ್‌ನಲ್ಲೂ 13ಕ್ಕೇ. ಡಿಸ್ನಿಯಲ್ಲಿ ಎಡ್ಜ್ 11ರಿಂದ 14, ವೈಬ್ 14ರಿಂದ 17.

ನಮ್ಮನೇಲಿ ಇದು ಗೊತ್ತಿಲ್ದೆ ಕೈ ಸುಟ್ಕೊಂಡ್ವಿ. ಮೊದಲ್ನೇ ಕ್ರೂಸ್ ಹತ್ತಿದಾಗ ಮಗನಿಗೆ 12 ವರ್ಷ 11 ತಿಂಗಳು. ನಾವು ಹೋದ ಲೈನ್‌ನಲ್ಲಿ ಗೆರೆ 13ಕ್ಕಿತ್ತು. ಆಗ್ಲೇ ನನ್ನ ಭುಜ ದಾಟಿದ್ದ ಹುಡುಗನ ಕೈಗೆ ಪುಟ್ಟ ಮಕ್ಕಳ ಬಣ್ಣದ ಬ್ಯಾಂಡ್ ಹಾಕಿದ್ರು, ಒಳಗೆ ಹೋದ್ರೆ ಮೊಣಕಾಲೆತ್ತರದ ಕುರ್ಚಿ, ಮೇಜಿನ ಮೇಲೆ ಕ್ರೇಯಾನ್ಸ್. ಹತ್ತು ನಿಮಿಷಕ್ಕೆ ಹೊರಗೆ ಬಂದ, ಆಮೇಲೆ ಆ ಬಾಗಿಲ ಕಡೆ ತಲೆ ಹಾಕ್ಲಿಲ್ಲ. ಅಕ್ಕ ಮೇಲಿನ ಡೆಕ್ಕಲ್ಲಿ, ಇವನು ನಮ್ಮ ಹಿಂದೆ ಹಿಂದೆ. ಐದು ವಾರ ಲೇಟಾಗಿ ಬುಕ್ ಮಾಡಿದ್ರೆ ಅಥವಾ 12ಕ್ಕೇ ಗೆರೆ ಇರೋ ಲೈನ್ ನೋಡಿದ್ರೆ ಅವನ ರಜೆ ಉಳೀತಿತ್ತು, ಅದು ಇವತ್ತಿಗೂ ಮನಸಲ್ಲಿ ಕೊರೀತದೆ.

ಹಾಗಾಗಿ ಮಕ್ಕಳು ಗೆರೆ ಹತ್ರ ಇದ್ರೆ ಲೈನಿಗೆ ಮೇಲ್ ಹಾಕಿ ಕೇಳಿ, ಕೆಲವು ತಿಂಗಳ ವ್ಯತ್ಯಾಸಕ್ಕೆ ಒಪ್ತಾರಾ ಇಲ್ವಾ ಅಂತ. ಉತ್ತರ ಬರಹದಲ್ಲೇ ಇರ್ಲಿ. "ಅಲ್ಲಿ ಹೋಗಿ ಮಾತಾಡಿದ್ರೆ ಮಾಡ್ತಾರೆ" ಅನ್ನೋ ಏಜೆಂಟ್ ಮಾತು ನಂಬ್ಬೇಡಿ, ಹೆಚ್ಚಿನ ಕಡೆ ಮಾಡಲ್ಲ. ಇಬ್ಬರು ಮಕ್ಕಳು 13 ಮತ್ತು 16 ಅಂತಿದ್ರೆ ಇನ್ನೊಂದು ಯೋಚ್ನೆ ಮಾಡಿ. ಇಬ್ರೂ ಒಟ್ಟಿಗೇ ಇರೋಕೆ ಇಷ್ಟಪಡೋರಾದ್ರೆ ಒಂದೇ ಗುಂಪಿರೋ ಲೈನ್, ಒಬ್ಬರಿಗೊಬ್ಬರು ಆಗಿಬರಲ್ಲ ಅಂದ್ರೆ ಎರಡು ಗುಂಪಿರೋ ಲೈನ್.

18 ತುಂಬಿದವರದ್ದು ಬೇರೆಯೇ ಕಷ್ಟ. ಸೆಕೆಂಡ್ ಪಿಯುಸಿ ಮುಗಿಸಿದ ಮಗನಿಗೆ ಟೀನ್ ಕ್ಲಬ್ ಬಾಗಿಲು ಮುಚ್ಚಿರತ್ತೆ, ಅಮೆರಿಕದಿಂದ ಹೊರಡೋ ಹಡಗಲ್ಲಿ ಹೆಚ್ಚಾಗಿ 21ರ ತನಕ ದೊಡ್ಡವರ ಗುಂಪಿಗೂ ಪೂರ್ತಿ ಸೇರ್ಸಲ್ಲ. ಏಷ್ಯಾ, ಯುರೋಪ್ ಕಡೆಯ ಎಷ್ಟೋ ಹಡಗಲ್ಲಿ ಆ ಗೆರೆ 18. ಇಂಥ ಮಕ್ಕಳಿದ್ರೆ ಕ್ಲಬ್ ವಿಷಯ ಬಿಟ್ಬಿಡಿ, ಊರು ನೋಡೋಕೆ ಜಾಸ್ತಿ ಸಿಗೋ ರೂಟ್ ನೋಡಿ.

ವರ್ಜಿನ್ ವಾಯೇಜಸ್, ವೈಕಿಂಗ್ ಎರಡ್ರಲ್ಲೂ 18ರ ಕೆಳಗಿನವರನ್ನ ಹತ್ತಿಸೋದೇ ಇಲ್ಲ, ಎಷ್ಟೇ ಚೆಂದದ ಆಫರ್ ಕಂಡ್ರೂ ಬಿಟ್ಬಿಡಿ.

ಹಂತ 2: ಮಕ್ಕಳನ್ನ ಕೂರಿಸ್ಕೊಂಡು ಕೇಳಿ

ಸರ್‌ಪ್ರೈಸ್ ಕೊಡೋಕೆ ಹೋಗ್ಬೇಡಿ, ಈ ವಯಸ್ಸಿಗೆ ಅದು ಕೆಲ್ಸ ಮಾಡಲ್ಲ. "ಏನ್ ಬೇಕು" ಅಂತ ಕೇಳಿದ್ರೆ "ಏನೋ ಒಂದು" ಅಂತಾರೆ, ಅದಕ್ಕೆ ಹೀಗೆ ಕೇಳಿ: ಹೊಸ ಫ್ರೆಂಡ್ಸ್ ಮಾಡ್ಕೊಳ್ಳೋಕೆ ಇಷ್ಟಾನಾ? ಮೈ ದಣಿಯೋ ಆಟ ಬೇಕಾ? ಇಲ್ಲಾ ಸುಮ್ನೆ ಒಂದು ಮೂಲೇಲಿ ಕೂತು ಸಮುದ್ರ ನೋಡ್ಕೊಂಡು ಹಾಡು ಕೇಳೋಕೆ ಬಿಟ್ರೆ ಸಾಕಾ? ಮೂರನೇ ಥರದ ಮಗುವಿಗೆ ದೊಡ್ಡ ಗಲಾಟೆ ಹಡಗು ಹಿಂಸೆ. ಅಂಥವರಿಗೆ ಲೈಬ್ರರಿ, ಒಳ್ಳೇ ಶೋಗಳು, ನೆರಳಿರೋ ಡೆಕ್, ಅವರದ್ದೇ ಒಂದು ಮಂಚ ಇದ್ರೆ ಖುಷಿಯಾಗಿರ್ತಾರೆ. ಉತ್ತರ ಬರ್ಕೊಳ್ಳಿ, ಹಂತ 4ಕ್ಕೆ ಬೇಕು.

ಹಂತ 3: ಎಲ್ಲಿಂದ ಹತ್ತೋದು, ಯಾವ ವೀಸಾ

ಬೆಂಗಳೂರಿಂದ ಹೋಗೋರಿಗೆ ಸಿಂಗಪುರ ಸುಲಭ, ನಾಲ್ಕೂವರೆ ಗಂಟೆ ಫ್ಲೈಟ್. ಅಲ್ಲಿಂದ 2022ರಲ್ಲಿ ರೆಸಾರ್ಟ್ಸ್ ವರ್ಲ್ಡ್ ಕ್ರೂಸಸ್ ಹೆಸರಲ್ಲಿ ಶುರುವಾದ ಗೆಂಟಿಂಗ್ ಡ್ರೀಮ್ ಓಡ್ತಿದೆ, ಆ ಕಂಪನಿ ಹೆಸರು ಈಗ ಸ್ಟಾರ್‌ಡ್ರೀಮ್ ಕ್ರೂಸಸ್, ರಾಯಲ್ ಕೆರಿಬಿಯನ್ ಹಡಗುಗಳು ಸೀಸನ್‌ಗೆ ಬರ್ತವೆ, ಡಿಸ್ನಿ ಅಡ್ವೆಂಚರ್ ಅನ್ನೋ ದೊಡ್ಡ ಹಡಗಿಗೂ ಸಿಂಗಪುರವೇ ಮನೆ. ಡಿಸ್ನಿ ಅಡ್ವೆಂಚರ್ ಬಗ್ಗೆ ಒಂದು ಮಾತು. ಅದರ 3-4 ರಾತ್ರಿ ಪ್ರಯಾಣದಲ್ಲಿ ಬೇರೆ ಊರಲ್ಲಿ ನಿಲ್ಸಲ್ಲ, ಪೂರ್ತಿ ಸಮುದ್ರದಲ್ಲೇ. ಊರು ನೋಡೋ ಆಸೆ ಇರೋ ಮಕ್ಕಳಿಗೆ ಇದನ್ನ ಮೊದ್ಲೇ ಹೇಳಿ.

ಮುಂಬೈಯಿಂದ ಕಾರ್ಡೀಲಿಯಾದ ಎಂಪ್ರೆಸ್ ಇದೆ. 1990ರಲ್ಲಿ ಶುರುವಾದ ಹಡಗು, ಸುಮಾರು 48,500 ಟನ್. 2024ರಲ್ಲಿ ಬಂದ ರಾಯಲ್ ಕೆರಿಬಿಯನ್‌ನ ಐಕಾನ್ ಆಫ್ ದ ಸೀಸ್ 2,48,000 ಟನ್ ದಾಟತ್ತೆ, ಅಂದ್ರೆ ಐದು ಪಟ್ಟು. ಐಕಾನ್ ವಿಡಿಯೋ ನೋಡ್ಕೊಂಡು ಎಂಪ್ರೆಸ್ ಹತ್ತಿದ್ರೆ ಮಕ್ಕಳಿಗೆ ನಿರಾಸೆ ಆಗತ್ತೆ, ಅದು ಹಡಗಿನ ತಪ್ಪಲ್ಲ. ನನ್ನ ಪ್ರಕಾರ ಮುಂಬೈ-ಗೋವಾ ಎರಡು ರಾತ್ರಿ ಒಳ್ಳೇ ಟ್ರಯಲ್. ವೀಸಾ ತಲೆನೋವಿಲ್ಲ, ನಮ್ಮ ಊಟ ಸಿಗತ್ತೆ, ಸಮುದ್ರ ಮೈಗೆ ಒಗ್ಗತ್ತಾ ಇಲ್ವಾ ಗೊತ್ತಾಗತ್ತೆ. ಮಂಗಳೂರಿಂದ ಹತ್ಬಹುದಾ ಅಂತ ಕೇಳೋರಿಗೆ: ನವಮಂಗಳೂರು ಬಂದರಿಗೆ ಸೀಸನ್‌ನಲ್ಲಿ ವಿದೇಶಿ ಕ್ರೂಸ್ ಹಡಗು ಬರ್ತವೆ ನಿಜ, ಆದ್ರೆ ಅವು ತಮ್ಮ ಪ್ರಯಾಣಿಕರಿಗೆ ಊರು ತೋರಿಸ್ಕೊಂಡು ಹೋಗೋಕೆ ಬರೋವು, ಅದನ್ನ ನಂಬ್ಕೊಂಡು ಪ್ಲಾನ್ ಮಾಡ್ಬೇಡಿ.

ವೀಸಾದಲ್ಲಿ ಎಲ್ಲರೂ ಮಾಡೋ ತಪ್ಪು ಒಂದೇ. ಹಡಗು ಸಿಂಗಪುರದಿಂದ ಹೊರಟು ಪೆನಾಂಗ್, ಫುಕೆಟ್ ನೋಡಿ ವಾಪಸ್ ಸಿಂಗಪುರಕ್ಕೇ ಬರತ್ತೆ, ಅಂದ್ರೆ ಸಿಂಗಪುರಕ್ಕೆ ನಿಮ್ಮದು ಎರಡು ಸಲ ಎಂಟ್ರಿ. ಮಲ್ಟಿಪಲ್ ಎಂಟ್ರಿ ವೀಸಾನೇ ಬೇಕು. ಯುರೋಪಲ್ಲೂ ಹಾಗೇ, ಬಾರ್ಸಿಲೋನಾದಿಂದ ಹೊರಟು ಮಧ್ಯದಲ್ಲಿ ಟುನೀಶಿಯಾನೋ ಟರ್ಕಿನೋ ಬಂದ್ರೆ ಷೆಂಗೆನ್ (ಯುರೋಪಿನ ಹಲವು ದೇಶಕ್ಕೆ ಒಂದೇ ವೀಸಾ) ಮಲ್ಟಿಪಲ್ ಎಂಟ್ರಿ ಇರ್ಬೇಕು. ಹಡಗಿಂದ ಇಳಿಯಲ್ಲ ಅಂದ್ರೂ ಕೆಲವು ದೇಶದ ವೀಸಾ ಇಲ್ದೆ ಹತ್ತೋಕೇ ಬಿಡಲ್ಲ.

ಅಮೆರಿಕದಲ್ಲಿರೋ ನಮ್ಮವರಿಗೆ ಅಲಾಸ್ಕಾ ಕ್ರೂಸ್‌ನಲ್ಲಿ ಈ ಎಡವಟ್ಟಾಗತ್ತೆ. ಸಿಯಾಟಲ್‌ನಿಂದ ಹೊರಟು ಸಿಯಾಟಲ್‌ಗೇ ಬರೋದು, ಅಮೆರಿಕದೊಳಗೇ ತಾನೇ ಅಂದ್ಕೊಳ್ತಾರೆ. ಆದ್ರೆ 1886ರ ಒಂದು ಕಾನೂನಿನ ಪ್ರಕಾರ ವಿದೇಶಿ ಬಾವುಟದ ಹಡಗು ಮಧ್ಯೆ ಒಂದು ವಿದೇಶಿ ಬಂದರು ಮುಟ್ಟಲೇಬೇಕು, ಅದಕ್ಕೇ ಅವು ಕೆನಡಾದ ವಿಕ್ಟೋರಿಯಾದಲ್ಲಿ ನಿಲ್ಸೋದು. ಗ್ರೀನ್ ಕಾರ್ಡ್ ಇಲ್ದೆ ಭಾರತದ ಪಾಸ್‌ಪೋರ್ಟ್ ಇರೋರಿಗೆ ಕೆನಡಾ ವೀಸಾ ಬೇಕಾಗತ್ತೆ. ಪಾಸ್‌ಪೋರ್ಟ್‌ನಲ್ಲಿರೋ ಎಚ್-1ಬಿ (ಅಮೆರಿಕದ ಕೆಲಸದ ವೀಸಾ) ಸ್ಟ್ಯಾಂಪಿನ ಅವಧಿ ಮುಗಿದಿದ್ರೆ ವಕೀಲರನ್ನ ಕೇಳ್ದೆ ಯಾವ ಕ್ರೂಸೂ ಹತ್ಬೇಡಿ. ಅಲ್ಲೇ ಹುಟ್ಟಿದ ಮಕ್ಕಳದ್ದು ಅಮೆರಿಕನ್ ಪಾಸ್‌ಪೋರ್ಟ್, ಅಪ್ಪ ಅಮ್ಮಂದು ಭಾರತದ್ದು ಅಂತಿದ್ರೆ ಪ್ರತಿ ಬಂದರಿಗೂ ಇಬ್ಬರದ್ದೂ ಬೇರೆ ಬೇರೆ ಚೆಕ್ ಮಾಡಿ.

ಹಂತ 4: ಲೈನ್ ಹೆಸರು ಬಿಡಿ, ಹಡಗಿನ ಹೆಸರು ಹಿಡೀರಿ

"ರಾಯಲ್ ಕೆರಿಬಿಯನ್ ಸೂಪರ್ ಅಂತೆ" ಅನ್ನೋ ಮಾತಿಗೆ ಅರ್ಥ ಇಲ್ಲ, ಅವರ ಹತ್ರ ಹಳೇ ಹಡಗೂ ಇದೆ ಹೊಸದೂ ಇದೆ. ಬೀಳೋ ಅನುಭವ ಕೊಡೋ ಸ್ಕೈಡೈವಿಂಗ್ ಗಾಳಿ ಕೊಳವೆ ಕ್ವಾಂಟಮ್ ಥರದ ಹಡಗುಗಳಲ್ಲಿದೆ, ಎಲ್ಲಾ ಕಡೆ ಇಲ್ಲ. ಕಾರ್ನಿವಲ್‌ನ ರೋಲರ್ ಕೋಸ್ಟರ್ ಮಾರ್ಡಿ ಗ್ರಾ, ಸೆಲೆಬ್ರೇಷನ್, ಜುಬಿಲಿ ಈ ಮೂರರಲ್ಲಿ. ನಾರ್ವೇಜಿಯನ್‌ನ ಗೋ-ಕಾರ್ಟ್ ಟ್ರ್ಯಾಕ್ ಬ್ಲಿಸ್, ಎನ್‌ಕೋರ್, ಪ್ರೀಮಾ ಥರದ ಕೆಲವು ಹಡಗಲ್ಲಿ ಮಾತ್ರ.

ಹಡಗಿನ ಹೆಸರು ಸಿಕ್ಕ ಮೇಲೆ ಲೈನಿನ ಸೈಟಿಂದ ಡೆಕ್ ಪ್ಲಾನ್ ಡೌನ್‌ಲೋಡ್ ಮಾಡಿ, ಟೀನ್ ಕ್ಲಬ್ ಎಲ್ಲಿದೆ ಹುಡುಕಿ. ಅದಕ್ಕೆ ಬೇರೆ ರೂಮು, ಪಕ್ಕದಲ್ಲಿ ಹೊರಗಿನ ಡೆಕ್ ಇದ್ರೆ ಒಳ್ಳೇ ಲಕ್ಷಣ. ಚಿಕ್ಕ ಮಕ್ಕಳ ಕ್ಲಬ್ಬಿಗೇ ಒಂದು ಪಾರ್ಟಿಷನ್ ಹಾಕಿದ್ರೆ, ಅಥವಾ "ಟೀನ್ ಆಕ್ಟಿವಿಟೀಸ್ ಇರ್ತವೆ" ಅಂತ ಬರೆದು ಜಾಗದ ಹೆಸರೇ ಹೇಳದಿದ್ರೆ ಅನುಮಾನ ಪಡಿ. ಬೇರೆ ಬೇರೆ ಟೈಮಿಗೆ ಅದೇ ರೂಮನ್ನ ಬೇರೆಯವರಿಗೂ ಕೊಡ್ತಿರ್ತಾರೆ.

ಈಗ ಟೇಪು ತಗೊಳ್ಳಿ. ರಾಯಲ್ ಕೆರಿಬಿಯನ್‌ನ ಫ್ಲೋರೈಡರ್ ಅನ್ನೋ ಸರ್ಫಿಂಗ್ ಆಟಕ್ಕೆ ಮಲಗಿ ಆಡೋಕೆ 52 ಇಂಚು, ನಿಂತು ಆಡೋಕೆ 58 ಇಂಚು ಎತ್ತರ ಬೇಕು. 18ರ ಕೆಳಗಿನವರಿಗೆ ಅಪ್ಪನೋ ಅಮ್ಮನೋ ಸೈನ್ ಹಾಕ್ಬೇಕು. ಬೇರೆ ಆಟಗಳಿಗೂ ಎತ್ತರ, ತೂಕದ ಮಿತಿ ಇರ್ತವೆ. ಮಗು ಒಂದು ವರ್ಷ ಕನಸು ಕಂಡ ಆಟ ಅರ್ಧ ಇಂಚಿಗೆ ತಪ್ಪಿದ್ರೆ ಅದನ್ನ ಸಮಾಧಾನ ಮಾಡೋದು ಎಷ್ಟು ಕಷ್ಟ ಅಂತ ಅನುಭವಿಸಿದವರಿಗೇ ಗೊತ್ತು.

ಪ್ರತಿ ಆಟದ ಮುಂದೆ ಫ್ರೀ ಅಥವಾ ದುಡ್ಡು ಅಂತ ಬರೀರಿ. ಗೋ-ಕಾರ್ಟ್, ಆರ್ಕೇಡ್ ಗೇಮ್ಸ್, ವಿಆರ್ ಇವಕ್ಕೆ ಸಾಮಾನ್ಯವಾಗಿ ದುಡ್ಡು. ಹಂತ 2ರಲ್ಲಿ ಮಗು ಹೇಳಿದ್ರಲ್ಲಿ ಮೂರಾದ್ರೂ ಫ್ರೀ ಪಟ್ಟಿಯಲ್ಲಿ ಸಿಗ್ಬೇಕು, ಇಲ್ಲಾಂದ್ರೆ ಬೇರೆ ಹಡಗು ನೋಡಿ.

ಹಡಗು ಡ್ರೈ ಡಾಕ್‌ನಿಂದ, ಅಂದ್ರೆ ರಿಪೇರಿಯಿಂದ ಹೊರಗೆ ಬಂದ ಮೊದಲ ವಾರಗಳಲ್ಲಿ ಬುಕ್ ಮಾಡ್ಬೇಡಿ, ಕೆಲ್ಸ ಮುಗಿದಿರಲ್ಲ.

ಹಂತ 5: ಆ ವಾರ ಹಡಗಲ್ಲಿ ಯಾರಿರ್ತಾರೆ

ಇದನ್ನ ಯಾರೂ ನೋಡಲ್ಲ, ನನ್ನ ಕೇಳಿದ್ರೆ ಇದೇ ಎಲ್ಲಕ್ಕಿಂತ ಮುಖ್ಯ. ಟೀನ್ ಕ್ಲಬ್ ಅಂದ್ರೆ ಸೋಫಾ, ಪ್ಲೇಸ್ಟೇಷನ್, ಫೂಸ್‌ಬಾಲ್ ಟೇಬಲ್ ಅಲ್ಲ, ಅಲ್ಲಿ ಬರೋ ಮಕ್ಕಳು. ಜಗತ್ತಿನ ಅತಿ ದೊಡ್ಡ ಹಡಗಿನ ಕ್ಲಬ್ಬಲ್ಲೂ ಆ ವಾರ ನಾಲ್ಕೇ ಮಕ್ಕಳಿದ್ರೆ ಅದು ಖಾಲಿ ರೂಮು ಅಷ್ಟೇ.

ನಮ್ಮ ದಸರಾ ರಜೆ ಸಾಮಾನ್ಯವಾಗಿ ಅಕ್ಟೋಬರ್ ಆಸುಪಾಸು, ಆಗ ಅಮೆರಿಕದಲ್ಲೂ ಸಿಂಗಪುರದಲ್ಲೂ ಸ್ಕೂಲು ನಡೀತಿರತ್ತೆ. ರೇಟು ಕಮ್ಮಿ ಸಿಗತ್ತೆ ನಿಜ, ಯಾಕೆ ಕಮ್ಮಿ ಅಂತ ಈಗ ಗೊತ್ತಾಯ್ತಲ್ಲ. ಸಿಂಗಪುರದ ಸ್ಕೂಲ್ ರಜೆ ದೊಡ್ಡದಾಗಿ ಬರೋದು ಜೂನ್‌ನಲ್ಲಿ, ಆಮೇಲೆ ನವೆಂಬರ್ ಕೊನೆಯಿಂದ ಡಿಸೆಂಬರ್. ನಮ್ಮ ಏಪ್ರಿಲ್-ಮೇ ರಜೇಲಿ ಸಿಂಗಪುರದ ಹಡಗುಗಳಲ್ಲಿ ಭಾರತದ ಫ್ಯಾಮಿಲಿಗಳು ತುಂಬಾ ಇರ್ತಾರೆ, ಅದು ಕೆಲವು ಮಕ್ಕಳಿಗೆ ಪ್ಲಸ್, ಬೇರೆ ದೇಶದವರ ಜೊತೆ ಬೆರೀಬೇಕು ಅನ್ನೋರಿಗೆ ಮೈನಸ್. ಕೆರಿಬಿಯನ್‌ಗೆ ಮಾರ್ಚ್ ಸ್ಪ್ರಿಂಗ್ ಬ್ರೇಕ್, ಜೂನ್ ಮಧ್ಯದಿಂದ ಆಗಸ್ಟ್, ಕ್ರಿಸ್‌ಮಸ್ ವಾರ ಇವು ಟೀನ್ಸ್ ತುಂಬಿರೋ ಸಮಯ. ನಮ್ಮ ರಜೆಗೂ ಅವರ ರಜೆಗೂ ಎಲ್ಲಿ ಕೂಡತ್ತೆ ಅಂತ ಎರಡು ಕ್ಯಾಲೆಂಡರ್ ಪಕ್ಕಪಕ್ಕ ಇಟ್ಟು ನೋಡಿ, ಕ್ರಿಸ್‌ಮಸ್ ಬಿಟ್ರೆ ಕೂಡೋ ವಾರಗಳು ಕಮ್ಮಿ, ಅದಕ್ಕೇ ಮುಂಚೆ ಬುಕ್ ಮಾಡ್ಬೇಕು.

ಎಷ್ಟು ರಾತ್ರಿ ಅನ್ನೋದೂ ಇಲ್ಲೇ ತೀರ್ಮಾನ ಮಾಡಿ. ಎರಡು ರಾತ್ರಿಯಲ್ಲಿ ಮಕ್ಕಳಿಗೆ ಪರಿಚಯ ಆಗೋಷ್ಟ್ರಲ್ಲಿ ಇಳಿಯೋ ಟೈಮು ಬಂದಿರತ್ತೆ. ಟೀನ್ಸ್‌ಗೆ ನಾಲ್ಕೈದು ರಾತ್ರಿ ಹದ. ಏಳಕ್ಕಿಂತ ಜಾಸ್ತಿ ಮೊದಲ ಸಲಕ್ಕೇ ಬೇಡ.

ಹವಾಮಾನನೂ ನೋಡಿ. ಕೆರಿಬಿಯನ್‌ನ ಚಂಡಮಾರುತದ ಸೀಸನ್ ಜೂನ್ 1ರಿಂದ ನವೆಂಬರ್ 30, ಆಗ ರೂಟ್ ಬದಲಾಯ್ಸೋ ಹಕ್ಕು ಲೈನಿಗಿರತ್ತೆ, ನೀವು ಕನಸು ಕಂಡ ದ್ವೀಪ ತಪ್ಪಬಹುದು. ಜೂನ್‌ನಿಂದ ಸೆಪ್ಟೆಂಬರ್ ಅರಬ್ಬಿ ಸಮುದ್ರದ ಅಲೆ ನಮ್ಮ ಕರಾವಳಿಯವರಿಗೆ ಹೇಳ್ಬೇಕಾಗಿಲ್ಲ.

ಹಂತ 6: ಕ್ಯಾಬಿನ್

"ನಾಲ್ಕು ಜನಕ್ಕೆ ಒಂದು ಕ್ಯಾಬಿನ್" ಅಂದ್ರೆ ಏನು ಅಂತ ಮನಸಲ್ಲಿ ಚಿತ್ರ ಹಾಕ್ಕೊಳ್ಳಿ. ಮಾಮೂಲಿ ಕ್ಯಾಬಿನ್ 150ರಿಂದ 200 ಚದರಡಿ, ಅಂದ್ರೆ ನಮ್ಮ ಅಪಾರ್ಟ್‌ಮೆಂಟಿನ ಒಂದು ಬೆಡ್‌ರೂಮಿನಷ್ಟು. ಮೂರು ನಾಲ್ಕನೇ ಮಂಚ ಸೀಲಿಂಗಿಂದ ಇಳಿಯೋವು ಅಥವಾ ಸೋಫಾ ಬಿಚ್ಚೋದು. ಬಾತ್‌ರೂಮ್ ಒಂದೇ. ಕನ್ನಡಿ ಮುಂದೆ ಮುಕ್ಕಾಲು ಗಂಟೆ ನಿಲ್ಲೋ ಮಗಳು, ತಡವಾಗಿ ಏಳೋ ಮಗ, ಬೆಳಿಗ್ಗೆ ಐದೂವರೆಗೆ ಏಳೋ ಅಪ್ಪ, ಎಲ್ಲಾ ಅದರೊಳಗೆ.

ಅದಕ್ಕೆ ಒಂದು ಬಾಲ್ಕನಿ ಕ್ಯಾಬಿನ್ ರೇಟು ಹಾಕ್ದಾಗ್ಲೇ ಎರಡು ಕನೆಕ್ಟಿಂಗ್ ಒಳ ಕ್ಯಾಬಿನ್‌ಗಳ (ಕಿಟಕಿ ಇಲ್ಲದವು) ರೇಟೂ ಕೇಳಿ. ಎಷ್ಟೋ ಸಲ ವ್ಯತ್ಯಾಸ ಅಂದ್ಕೊಂಡಷ್ಟು ಇರಲ್ಲ, ಎರಡು ಬಾತ್‌ರೂಮ್ ಸಿಗತ್ತೆ. ಮಧ್ಯೆ ಬಾಗಿಲಿರೋ ಕನೆಕ್ಟಿಂಗ್ ಬೇರೆ, ಬರೀ ಅಕ್ಕಪಕ್ಕದ ಅಡ್‌ಜಾಯಿನಿಂಗ್ ಬೇರೆ, ಏಜೆಂಟರು ಇವೆರಡನ್ನ ಕಲಸಿ ಹೇಳ್ತಾರೆ. ಕ್ಯಾಬಿನ್ ನಂಬರ್ ತಗೊಂಡು ಡೆಕ್ ಪ್ಲಾನ್‌ನಲ್ಲಿ ಬಾಗಿಲಿನ ಗುರುತು ನೀವೇ ನೋಡಿ. ಮಕ್ಕಳು ಮಾತ್ರ ಒಂದು ಕ್ಯಾಬಿನ್‌ನಲ್ಲಿ ಇರ್ಬಹುದಾ, ಬುಕಿಂಗ್‌ನಲ್ಲಿ ಪ್ರತಿ ಕ್ಯಾಬಿನ್‌ಗೆ ಒಬ್ಬ ದೊಡ್ಡವರ ಹೆಸರು ಬೇಕಾ ಅನ್ನೋದು ಲೈನಿಂದ ಲೈನಿಗೆ ಬೇರೆ, ಅದನ್ನೂ ಬರಹದಲ್ಲಿ ತಗೊಳ್ಳಿ.

ತಲೆಸುತ್ತು, ವಾಂತಿ ಬರೋರಿದ್ರೆ ಹಡಗಿನ ಮಧ್ಯಭಾಗ, ಕೆಳಗಿನ ಡೆಕ್. ಆಗುಂಬೆ ಘಾಟಲ್ಲಿ ಬಸ್ಸಲ್ಲಿ ವಾಂತಿ ಮಾಡೋ ಮಗು ಹಡಗಲ್ಲೂ ಮಾಡ್ಬಹುದು, ಡಾಕ್ಟರ್ ಹತ್ರ ಮಾತ್ರೆ ಬರ್ಸ್ಕೊಂಡು ಹೋಗಿ. ನೈಟ್‌ಕ್ಲಬ್, ಥಿಯೇಟರ್, ಪೂಲ್ ಡೆಕ್ ಇವುಗಳ ನೇರ ಕೆಳಗೋ ಮೇಲೋ ಇರೋ ಕ್ಯಾಬಿನ್ ಬೇಡ.

ಹಂತ 7: ಊಟ

ಗೆಂಟಿಂಗ್ ಡ್ರೀಮ್, ಕಾರ್ಡೀಲಿಯಾದಲ್ಲಿ ವೆಜ್, ಜೈನ್ ಊಟ ಎರಡೂ ಸಿಗತ್ತೆ. ಅಮೆರಿಕ, ಯುರೋಪಿನ ದೊಡ್ಡ ಹಡಗುಗಳಲ್ಲಿ ಇಂಡಿಯನ್ ವೆಜ್ ಕೇಳಿದ್ರೆ ಮಾಡಿಕೊಡ್ತಾರೆ, ಆದ್ರೆ ಬುಕಿಂಗ್‌ನಲ್ಲೇ ಹಾಕ್ಸಿ, ಒಂದೂವರೆ ತಿಂಗಳು ಮುಂಚೆ ಮೇಲ್‌ನಲ್ಲಿ ನೆನಪಿಸಿ, ಹತ್ತಿದ ರಾತ್ರಿಯೇ ಮುಖ್ಯ ಡೈನಿಂಗ್ ರೂಮಿನ ಹೆಡ್ ವೇಟರ್‌ನ ಕಂಡು ಮಾತಾಡಿ. ಮೂರನೇ ದಿನ ಹೇಳಿದ್ರೆ ನಾಲ್ಕನೇ ದಿನ ಸಿಗತ್ತೆ, ಅಷ್ಟೊತ್ತಿಗೆ ಟ್ರಿಪ್ಪೇ ಮುಗಿದಿರತ್ತೆ.

ಟೀನ್ಸ್ ಹಸಿವು ಟೈಮು ನೋಡಲ್ಲ. ರಾತ್ರಿ ಹನ್ನೊಂದೂವರೆಗೆ ಏನು ಫ್ರೀಯಾಗಿ ಸಿಗತ್ತೆ ಅಂತ ಕೇಳಿ, ಪಿಜ್ಜಾ ಕೌಂಟರ್ ಎಷ್ಟೊತ್ತಿನವರೆಗೆ, ರೂಮ್ ಸರ್ವಿಸ್‌ಗೆ ಚಾರ್ಜ್ ಇದ್ಯಾ. ಚಕ್ಲಿ, ನಿಪ್ಪಟ್ಟು, ಚಟ್ನಿಪುಡಿ ಕಂಪನಿ ಸೀಲ್ ಇರೋ ಪ್ಯಾಕೆಟ್‌ನಲ್ಲಿ ತಗೊಂಡು ಹೋಗಿ, ಮನೇಲಿ ಮಾಡಿದ್ದು ಡಬ್ಬಿಯಲ್ಲಿ ಹಾಕಿದ್ರೆ ತೆಗೆದಿಡಿಸ್ಬಹುದು. ಎಲೆಕ್ಟ್ರಿಕ್ ಕುಕ್ಕರ್, ಕೆಟಲ್, ಇಸ್ತ್ರಿ ಪೆಟ್ಟಿಗೆ ಬಿಡಲ್ಲ, ಬೆಂಕಿ ಭಯಕ್ಕೆ.

ಹಂತ 8: ನಿಜವಾದ ಖರ್ಚು ಕೂಡಿಸಿ

ಈಗ ರೇಟಿಗೆ ಬನ್ನಿ. ಸೈಟಲ್ಲಿ ದಪ್ಪಕ್ಷರದಲ್ಲಿ ಕಾಣೋದು ಅರ್ಧ ಕಥೆ. ಅದರ ಮೇಲೆ ಪೋರ್ಟ್ ಟ್ಯಾಕ್ಸ್, ಗ್ರಾಚ್ಯುಟಿ, ವೈಫೈ, ಇಳಿದಾಗ ಸುತ್ತೋ ಖರ್ಚು, ಫ್ಲೈಟು, ಹತ್ತೋ ಹಿಂದಿನ ರಾತ್ರಿ ಹೋಟೆಲ್, ವೀಸಾ, ಇನ್ಶೂರೆನ್ಸ್.

ಗ್ರಾಚ್ಯುಟಿ ಅಂದ್ರೆ ಸಿಬ್ಬಂದಿಗೆ ಕೊಡೋ ಟಿಪ್ಸು, ಅಮೆರಿಕದ ಲೈನ್‌ಗಳಲ್ಲಿ ತಲೆಗೆ ದಿನಕ್ಕೆ 16ರಿಂದ 20 ಡಾಲರ್ ಆಸುಪಾಸು, ಟೀನ್ಸ್‌ಗೂ ಪೂರ್ತಿ. 18 ಡಾಲರ್ ಅಂತ ಹಿಡಿದ್ರೂ ನಾಲ್ಕು ಜನ, ಏಳು ರಾತ್ರಿಗೆ 504 ಡಾಲರ್ ಆಯ್ತು. ವೈಫೈ ಡಿವೈಸ್ ಲೆಕ್ಕ, ಒಂದಕ್ಕೆ ದಿನಕ್ಕೆ 20 ಡಾಲರ್ ದಾಟೋದು ಮಾಮೂಲಿ. ನಾಲ್ಕು ಫೋನಿಗೂ ತಗೋಬೇಡಿ, ಮಕ್ಕಳಿಗೊಂದು, ನಿಮಗೊಂದು ಸಾಕು. ಲೈನಿನ ಆಪ್‌ನಲ್ಲಿ ಚಾಟ್ ಇದ್ರೆ ಅದು ಹಡಗಿನೊಳಗೆ ನೆಟ್ ಪ್ಯಾಕ್ ಇಲ್ದೇನೂ ನಡೆಯತ್ತೆ, ಎಷ್ಟೋ ಕಡೆ ಫ್ರೀ. ಎಲ್ಲರ ಫೋನೂ ಹತ್ತಿದ ತಕ್ಷಣ ಏರ್‌ಪ್ಲೇನ್ ಮೋಡ್‌ಗೆ ಹಾಕ್ಸಿ, ಹಡಗಿನ ಸ್ಯಾಟಲೈಟ್ ಟವರ್‌ಗೆ ಸಿಮ್ ಸೇರಿದ್ರೆ ರೋಮಿಂಗ್ ಬಿಲ್ಲು ಸಾವಿರಾರು ರೂಪಾಯಿ.

"ಮಕ್ಕಳು ಫ್ರೀ" ಆಫರ್ ಕಂಡ್ರೆ ವಯಸ್ಸು ಓದಿ. ರಾಯಲ್ ಕೆರಿಬಿಯನ್‌ನಲ್ಲಿ ಅದು 12 ಮತ್ತು ಅದರ ಕೆಳಗಿನವರಿಗೆ, ಬೇರೆ ಕೆಲವು ಲೈನ್‌ಗಳ ಆಫರ್ 17ರವರೆಗೂ ಇರತ್ತೆ. ಫ್ರೀ ಅಂದ್ರೂ ಟ್ಯಾಕ್ಸು, ಗ್ರಾಚ್ಯುಟಿ ಕಟ್ಲೇಬೇಕು.

ಭಾರತದಿಂದ ಪ್ಯಾಕೇಜ್ ತಗೊಂಡ್ರೆ ಟಿಸಿಎಸ್ (ಮುಂಚೆಯೇ ವಸೂಲಿ ಮಾಡೋ ತೆರಿಗೆ) ಹಿಡೀತಾರೆ, ಅದು ಐಟಿ ರಿಟರ್ನ್‌ನಲ್ಲಿ ಅಡ್ಜಸ್ಟ್ ಆಗತ್ತೆ, ಆದ್ರೆ ಕಟ್ಟೋ ದಿನ ಕೈಯಲ್ಲಿ ದುಡ್ಡಿರ್ಬೇಕಲ್ಲ. ಹಡಗಿನ ಡಾಕ್ಟರ್ ಫೀಸು ದುಬಾರಿ, ಇನ್ಶೂರೆನ್ಸ್‌ನಲ್ಲಿ ಕ್ರೂಸ್ ಮತ್ತು ಮೆಡಿಕಲ್ ಇವ್ಯಾಕ್ಯುಯೇಷನ್ (ರೋಗಿಯನ್ನ ಹಡಗಿಂದ ಆಸ್ಪತ್ರೆಗೆ ಸಾಗಿಸೋದು) ಅನ್ನೋ ಎರಡು ಪದ ಇದ್ಯಾ ನೋಡಿ.

ಹಂತ 9: ಸುರಕ್ಷತೆ, ಮನೆಯವರ ನಿಯಮ

ಟೀನ್ ಕ್ಲಬ್ ಅಂದ್ರೆ ಬೇಬಿ ಸಿಟಿಂಗ್ ಅಲ್ಲ. ಹೆಚ್ಚಿನ ಕಡೆ ಮಕ್ಕಳು ತಾವೇ ಬರ್ಬಹುದು ತಾವೇ ಹೋಗ್ಬಹುದು, ಎಲ್ಲಿ ಹೋದ್ರು ಅಂತ ಸಿಬ್ಬಂದಿ ನೋಡ್ತಾ ಕೂರಲ್ಲ. ರಾಯಲ್ ಕೆರಿಬಿಯನ್, ಕಾರ್ನಿವಲ್‌ನಲ್ಲಿ 18ರ ಕೆಳಗಿನವರು ದೊಡ್ಡವರಿಲ್ದೆ ರಾತ್ರಿ 1ರ ಮೇಲೆ ಹೊರಗೆ ಇರೋ ಹಾಗಿಲ್ಲ. ನೀವು ಆರಿಸೋ ಲೈನ್‌ನಲ್ಲಿ ಎಷ್ಟು ಗಂಟೆ ಅಂತ ಕೇಳಿ, ಅದಕ್ಕಿಂತ ಒಂದು ಗಂಟೆ ಮುಂಚೆ ನಿಮ್ಮದೇ ಟೈಮ್ ಇಡಿ.

ಮನೇಲಿ ಹೊರಡೋ ಮುಂಚೆ ಇಷ್ಟು ಸ್ಪಷ್ಟವಾಗಿ ಹೇಳಿ: ಬೇರೆಯವರ ಕ್ಯಾಬಿನ್ ಒಳಗೆ ಹೋಗೋ ಹಾಗಿಲ್ಲ, ನಮ್ಮ ಕ್ಯಾಬಿನ್‌ಗೂ ಯಾರನ್ನೂ ಕರೆಯೋ ಹಾಗಿಲ್ಲ, ಬೇರೆಯವರು ಕೊಟ್ಟ ಗ್ಲಾಸಿಂದ ಕುಡಿಯೋ ಹಾಗಿಲ್ಲ, ರೇಲಿಂಗ್ ಹತ್ತೋದು ಕೂರೋದು ಇಲ್ಲವೇ ಇಲ್ಲ. ಅಮೆರಿಕದ ಬಂದರಿಗೆ ಹೋಗೋ ಹಡಗುಗಳಿಗೆ 2010ರ ಕಾನೂನಲ್ಲಿ ರೇಲಿಂಗ್ 42 ಇಂಚು ಇರ್ಬೇಕು ಅಂತಿದೆ, ಎದೆಮಟ್ಟದ ರೇಲಿಂಗಿಂದ ತಾನಾಗಿ ಯಾರೂ ಬೀಳಲ್ಲ, ಸೆಲ್ಫಿಗೆ ಹತ್ತಿದ್ರೆ ಬೀಳ್ತಾರೆ. ಇದನ್ನ ಹೇಳೋಕೆ ಮುಜುಗರ ಪಡ್ಬೇಡಿ.

ಅಮೆರಿಕದ ಬಂದರಿಗೆ ಹೋಗೋ ಹಡಗಿನ ಸ್ವಚ್ಛತೆಗೆ ಅಲ್ಲಿನ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ ಹೇಳ್ದೆ ಕೇಳ್ದೆ ಬಂದು 100ಕ್ಕೆ ಅಂಕ ಕೊಡತ್ತೆ, 86 ಬಂದ್ರೆ ಪಾಸು. ಹಡಗಿನ ಹೆಸರು ಹಾಕಿ ಹುಡುಕಿದ್ರೆ ಸಿಗತ್ತೆ.

ಹಂತ 10: ಬುಕಿಂಗ್

ಏಜೆಂಟ್ ಹತ್ರ ಹೋದ್ರೆ ಹಡಗಿನ ಹೆಸರು, ಡೇಟು, ಕ್ಯಾಬಿನ್ ಕೆಟಗರಿ ಮೂರೂ ಕಾಗದದಲ್ಲಿ ತಗೊಳ್ಳಿ. ಅಡ್ವಾನ್ಸ್ ವಾಪಸ್ ಬರತ್ತಾ, ಪೂರ್ತಿ ದುಡ್ಡು ಕಟ್ಟೋ ಕೊನೇ ದಿನ ಯಾವುದು ಕೇಳಿ, ದೊಡ್ಡ ಪ್ರಯಾಣಗಳಿಗೆ ಅದು 75-90 ದಿನ ಮುಂಚೆ ಇರತ್ತೆ. ದುಡ್ಡು ಕಟ್ಟಿದ ಮಾರನೇ ದಿನ ಬುಕಿಂಗ್ ನಂಬರನ್ನ ಲೈನಿನ ಸ್ವಂತ ಸೈಟ್ ಅಥವಾ ಆಪ್‌ನಲ್ಲಿ ಹಾಕಿ ನೋಡಿ, ನಿಮ್ಮ ಹೆಸರು ಬರ್ಬೇಕು. ಬರ್ಲಿಲ್ಲ ಅಂದ್ರೆ ಆಗ್ಲೇ ಫೋನ್ ಮಾಡಿ. ಹಡಗಿನ ಹೆಸರು ಹೇಳ್ದೆ "ಫೈವ್ ಸ್ಟಾರ್ ಕ್ರೂಸ್ ಸರ್" ಅನ್ನೋರು, ಇವತ್ತೇ ಲಾಸ್ಟ್ ಡೇ ಅಂತ ಒತ್ತಾಯ ಮಾಡೋರು, ಕಂಪನಿ ಅಕೌಂಟ್ ಬಿಟ್ಟು ಪರ್ಸನಲ್ ಯುಪಿಐಗೆ ಹಾಕಿ ಅನ್ನೋರು, ಮೂರೂ ಅಪಾಯದ ಗಂಟೆ.

ಹೆಸರು ಪಾಸ್‌ಪೋರ್ಟ್‌ನಲ್ಲಿ ಇದ್ದ ಹಾಗೇ ಬರ್ಬೇಕು. ನಮ್ಮಲ್ಲಿ ಇನಿಷಿಯಲ್, ಊರಿನ ಹೆಸರು, ಅಪ್ಪನ ಹೆಸರು ಎಲ್ಲಾ ಸೇರಿ ಗೊಂದಲ ಆಗತ್ತೆ, ಸರ್‌ನೇಮ್ ಕಾಲಂ ಖಾಲಿ ಇರೋ ಪಾಸ್‌ಪೋರ್ಟ್ ಇದ್ರೆ ಏಜೆಂಟ್‌ಗೆ ಮೊದ್ಲೇ ತೋರ್ಸಿ.

ಹಂತ 11: ಹತ್ತಿದ ಮೊದಲ ಸಂಜೆ

ಹಿಂದಿನ ದಿನವೇ ಬಂದರಿನ ಊರಿಗೆ ತಲುಪಿ, ಅದೇ ದಿನದ ಫ್ಲೈಟ್ ನಂಬ್ಬೇಡಿ. ಸಿಂಗಪುರದಲ್ಲಿ ಮರೀನಾ ಬೇ ಒಂದು, ಹಾರ್ಬರ್‌ಫ್ರಂಟ್ ಒಂದು, ಎರಡು ಟರ್ಮಿನಲ್ ಇದಾವೆ, ಟಿಕೆಟ್‌ನಲ್ಲಿ ಯಾವುದಿದೆ ನೋಡ್ಕೊಂಡು ಟ್ಯಾಕ್ಸಿ ಹತ್ತಿ.

ಮೊದಲ ರಾತ್ರಿ ಟೀನ್ ಕ್ಲಬ್ಬಲ್ಲಿ ಪರಿಚಯದ ಕಾರ್ಯಕ್ರಮ ಇರತ್ತೆ. ಅದನ್ನ ಯಾವ ಕಾರಣಕ್ಕೂ ತಪ್ಪಿಸ್ಬೇಡಿ, ಆ ಟೈಮಿಗೆ ಶೋ, ಸ್ಪೆಷಲ್ ಡಿನ್ನರ್ ಏನೂ ಇಟ್ಕೋಬೇಡಿ. ಗುಂಪುಗಳು ಅವತ್ತೇ ಆಗ್ಬಿಡ್ತವೆ, ಮೂರನೇ ದಿನ ಹೋದ ಮಗು ಗೋಡೆ ಪಕ್ಕ ನಿಲ್ಬೇಕಾಗತ್ತೆ. ನಮ್ಮ ಎರಡನೇ ಕ್ರೂಸಲ್ಲಿ ಮಗಳು ಮುಖ ಊದಿಸ್ಕೊಂಡು ಹೊರಟ್ಲು, "ಹದಿನೈದು ನಿಮಿಷ ಇದ್ದು ನೋಡು, ಬೇಡ ಅಂದ್ರೆ ಬಾ, ಮತ್ತೆ ಹೋಗು ಅನ್ನಲ್ಲ" ಅಂತ ಮಾತು ಕೊಟ್ಟಿದ್ದೆ. ಬಾಗಿಲಲ್ಲೇ ನಿಂತಿದ್ಲಂತೆ, ಊನೋ ಆಡ್ತಿದ್ದ ಪುಣೆ ಹುಡುಗಿಯೊಬ್ಬಳು ತಲೆ ಎತ್ತಿ, ಜಾಗ ಸರಿದು, ಏಳು ಎಲೆ ಎಣಿಸಿ ಇವಳ ಮುಂದೆ ಇಟ್ಟಳಂತೆ. ರಾತ್ರಿ ಹನ್ನೆರಡಕ್ಕೆ ಹತ್ತು ನಿಮಿಷ ಇದ್ದಾಗ ಕೈಯಲ್ಲಿ ಕರಗ್ತಿರೋ ಐಸ್‌ಕ್ರೀಮ್ ಹಿಡ್ಕೊಂಡು ಕ್ಯಾಬಿನ್‌ಗೆ ಬಂದ್ಲು. ಒತ್ತಾಯ ಮಾಡ್ಬೇಡಿ, ಆದ್ರೆ ಆ ಹದಿನೈದು ನಿಮಿಷ ಕೇಳಿ ಪಡ್ಕೊಳ್ಳಿ.

ಅದೇ ಸಂಜೆ ಗೆಸ್ಟ್ ಸರ್ವೀಸ್ ಕೌಂಟರ್‌ಗೆ ಹೋಗಿ ಮಕ್ಕಳ ಕಾರ್ಡಿಗೆ ಖರ್ಚಿನ ಮಿತಿ ಹಾಕ್ಸಿ, ಆರ್ಕೇಡ್‌ಗೆ ಇಷ್ಟು, ಬೇರೆಗೆ ಇಷ್ಟು ಅಂತ. ಹಾಕದೇ ಬಿಟ್ರೆ ಆ ಕಾರ್ಡನ್ನ ಗೇಮ್ ಮಷೀನ್‌ಗೆ ಮುಟ್ಟಿಸಿದಷ್ಟೂ ನಿಮ್ಮ ಅಕೌಂಟ್‌ಗೆ ಬೀಳ್ತಾ ಹೋಗತ್ತೆ. ಬಿಲ್ಲನ್ನ ದಿನಾ ರಾತ್ರಿ ಆಪ್‌ನಲ್ಲೋ ಕ್ಯಾಬಿನ್ ಟಿವಿಯಲ್ಲೋ ನೋಡಿ. ಗೊತ್ತಿಲ್ದೇ ಇರೋ ಐಟಂ ಕಂಡ್ರೆ ಅವತ್ತೇ ಹೋಗಿ ಕೇಳಿ, ಕೊನೇ ಬೆಳಿಗ್ಗೆ ಆ ಕೌಂಟರ್ ಮುಂದೆ ಕ್ಯೂ ಲಿಫ್ಟ್ ತನಕ ಬಂದಿರತ್ತೆ, ಅಷ್ಟೊತ್ತಿಗೆ ನಿಮ್ಮ ಲಗೇಜು ಆಗ್ಲೇ ಕೆಳಗೆ ಇಳಿದಿರತ್ತೆ.